ಮುಂಬಯಿಯ ತಂಪು, ಭೀಮೆಯ ನೀರು

ಕಳೆದ ಕೆಲವು ಬೇಸಿಗೆಗಳಲ್ಲಿ ಮುಂಬಯಿಯ ವಿದ್ಯುತ್ ಬೇಡಿಕೆ 4,000 ಮೆಗಾವ್ಯಾಟ್ ದಾಟಿದೆ. ಪತ್ರಿಕೆಗಳು ಅದನ್ನು ದಾಖಲೆ ಎಂದು ಬರೆಯುತ್ತವೆ. ಬಿಲ್ ಬಂದಾಗ ನಾವು ಗೊಣಗುತ್ತೇವೆ, ದರ ಏರಿಸಿದರು ಎಂದು ಬೈಯುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಈ ಕರೆಂಟ್ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾವ ಹೊಳೆ ತಿರುಗಿತು, ಯಾವ ತೋಟಕ್ಕೆ ಬೂದಿ ಬಿತ್ತು ಎಂದು ಕೇಳುವವರು ಕಡಿಮೆ. ಮುಂಬಯಿ ಕನ್ನಡಿಗರಾದರೂ ಕೇಳಬೇಕು. ಆ ಲೆಕ್ಕದಲ್ಲಿ ಕಲಬುರಗಿ, ವಿಜಯಪುರದ ಪಾಲೂ ಇದೆ.

ನನ್ನ ವಾದ ಇಷ್ಟೇ. ಈ ಊರಿಗೆ ಒಂದು ಕಾಲಕ್ಕೆ ಗಾಳಿ, ಕೊಲ್ಲಿ, ಕಾಡು, ಇಳಿಜಾರು ಇವೆಲ್ಲ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಕೆಲಸಗಳಿದ್ದವು. ಊರು ಬೆಳೆಯುತ್ತಾ ಅವುಗಳನ್ನು ಮುಚ್ಚಿಕೊಂಡಿತು. ಈಗ ಅದೇ ಕೆಲಸಗಳನ್ನು ಕರೆಂಟಿನಿಂದ ಮಾಡಿಸುತ್ತಿದೆ. ಆ ಕರೆಂಟಿನ ಬೆಲೆಯಲ್ಲಿ ಒಂದು ಭಾಗ ನಮ್ಮ ಬಿಲ್ಲಿನಲ್ಲಿ ಬರುತ್ತದೆ. ಉಳಿದದ್ದನ್ನು ಬೇರೆ ಊರುಗಳು ಕೊಡುತ್ತವೆ.

ಘಟ್ಟ ಇಳಿದ ನೀರು

ಲೋನಾವಳಕ್ಕೆ ಮಳೆ ನೋಡಲು ಹೋದವರೆಲ್ಲ ಅಲ್ಲಿನ ಕೆರೆಗಳನ್ನು ನೋಡಿರುತ್ತಾರೆ. ಅವು ಅಣೆಕಟ್ಟಿನ ಹಿನ್ನೀರು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ವಲವಣ, ಲೋನಾವಳ, ಶಿರವಟಾ, ಅದರಾಚೆ ಆಂಧ್ರಾ ಎಂಬ ಹೊಳೆಗೆ ಕಟ್ಟಿದ ಠೋಕರವಾಡಿ, ದಕ್ಷಿಣಕ್ಕೆ ಮುಳಾ ಹೊಳೆಗೆ ಕಟ್ಟಿದ ಮುಳಶಿ. ಇವೆಲ್ಲ ಸಹ್ಯಾದ್ರಿಯ ನೆತ್ತಿಯ ಪೂರ್ವದ ಇಳಿಜಾರಿನಲ್ಲಿವೆ. ಅಲ್ಲಿ ಬಿದ್ದ ಮಳೆ ಇಂದ್ರಾಯಣಿಯಾಗಿ, ಮುಳೆಯಾಗಿ ಹರಿದು ಭೀಮೆಗೆ ಸೇರಬೇಕು. ಭೀಮೆ ಪಂಢರಪುರ ದಾಟಿ, ಇಂಡಿ, ಅಫಜಲಪುರ, ಗಾಣಗಾಪುರ, ಜೇವರ್ಗಿಯ ಸೀಮೆಯಲ್ಲಿ ಹಾದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಟಾಟಾ ಕಂಪನಿ ಈ ನೀರನ್ನು ತಡೆದು, ಕೊಳವೆಗೆ ಹಾಕಿ, ಪಶ್ಚಿಮಕ್ಕೆ ಕೊಂಕಣದ ಕಡೆ ಕೆಡವಿತು. ಬೀಳುವ ಎತ್ತರ ಸುಮಾರು 500 ಮೀಟರ್. 1915ರಲ್ಲಿ ಖೋಪೋಲಿ ಸ್ಥಾವರ, 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ಮೊದಲ ದೊಡ್ಡ ಗಿರಾಕಿಗಳು ಮುಂಬಯಿಯ ಬಟ್ಟೆ ಗಿರಣಿಗಳು. ಅದುವರೆಗೆ ಗಿರಣಿಗಳು ಕಲ್ಲಿದ್ದಲು ಉರಿಸುತ್ತಿದ್ದವು, ಪರಳ, ಲಾಲ್‌ಬಾಗಿನ ಆಕಾಶವೆಲ್ಲ ಹೊಗೆ. ನೀರಿನ ಕರೆಂಟ್ ಬಂದದ್ದು ಮುಂಬಯಿಯ ಮಟ್ಟಿಗೆ ಒಳ್ಳೆಯದೇ ಆಯಿತು. ಇದನ್ನು ಮರೆಯಬಾರದು. ಅದೇ ಹತ್ತು ಹದಿನೈದು ವರ್ಷದಲ್ಲಿ ರೈಲಿಗೂ ಕರೆಂಟ್ ಬಂತು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು.

ಈಗ ಈ ಮೂರು ಸ್ಥಾವರಗಳ ಒಟ್ಟು ಶಕ್ತಿ 447 ಮೆಗಾವ್ಯಾಟ್. 4,000ದ ಮುಂದೆ ಸಣ್ಣದು. ನೀರಿನ ಲೆಕ್ಕಕ್ಕೆ ಬಂದರೆ ಸಣ್ಣದಲ್ಲ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಾಧಿಕರಣ ಇದಕ್ಕೊಂದು ಮಿತಿ ಹಾಕಿದೆ. ಭೀಮಾ ಕೊಳ್ಳದಿಂದ ಈ ಯೋಜನೆಗಳಿಗೆ ಪಶ್ಚಿಮಕ್ಕೆ ತಿರುಗಿಸುವ ನೀರು ಯಾವುದೇ ಒಂದು ವರ್ಷದಲ್ಲಿ 54.5 ಟಿಎಂಸಿ ಮೀರಬಾರದು, ಸತತ ಐದು ವರ್ಷಕ್ಕೆ 212 ಟಿಎಂಸಿ ಮೀರಬಾರದು. ಸರಾಸರಿ ತೆಗೆದರೆ ವರ್ಷಕ್ಕೆ 42 ಟಿಎಂಸಿ. ಕನ್ನಂಬಾಡಿ ಕಟ್ಟೆ ಕಂಠಮಟ್ಟ ತುಂಬಿದರೆ 49 ಟಿಎಂಸಿ ಚಿಲ್ಲರೆ. ಕೊಯ್ನಾದಿಂದ ಪಶ್ಚಿಮಕ್ಕೆ ಹೋಗುವ 67.5 ಟಿಎಂಸಿ ಬೇರೆ, ಅದು ಇಡೀ ಮಹಾರಾಷ್ಟ್ರದ ಕರೆಂಟಿಗೆ.

ಇನ್ನೊಂದು ಲೆಕ್ಕ ಹಾಕೋಣ. 500 ಮೀಟರ್ ಎತ್ತರದಿಂದ ಬೀಳುವ ನೀರಿನಿಂದ ಒಂದು ಯೂನಿಟ್ ಕರೆಂಟ್ ತೆಗೆಯಲು 800ರಿಂದ 900 ಲೀಟರ್ ಬೇಕಾಗುತ್ತದೆ. ಮಲಗುವ ಕೋಣೆಯ ಒಂದು ಒಳ್ಳೆಯ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು ಎಂಟು ಯೂನಿಟ್. ಆ ಕರೆಂಟೆಲ್ಲ ಘಟ್ಟದ ನೀರಿನಿಂದಲೇ ಬಂದಿದ್ದರೆ, ಒಂದು ಕೋಣೆಯ ಒಂದು ರಾತ್ರಿಯ ನಿದ್ದೆಗೆ ಆರೇಳು ಸಾವಿರ ಲೀಟರ್. ಬೇಸಿಗೆಯಲ್ಲಿ ಭೀಮಾ ತೀರದ ಹಳ್ಳಿಗೆ ಒಂದು ಟ್ಯಾಂಕರ್ ತರುವಷ್ಟು. ನಮ್ಮ ಕರೆಂಟಿನಲ್ಲಿ ನೀರಿನ ಪಾಲು ಸಣ್ಣದಾದ್ದರಿಂದ ನಿಜವಾದ ಲೆಕ್ಕ ಇಷ್ಟಾಗುವುದಿಲ್ಲ. ಉಳಿದದ್ದು ಹೆಚ್ಚಾಗಿ ಕಲ್ಲಿದ್ದಲು. ಅದರ ಕತೆ ಮುಂದೆ ಬರುತ್ತದೆ.

ಹಾಗಾದರೆ ಆ ನೀರೆಲ್ಲ ಸಮುದ್ರಕ್ಕೆ ಹೋಗಿ ದಂಡವಾಯಿತೇ? ಊರ ಕಡೆ ಭಾಷಣಗಳಲ್ಲಿ ಹಾಗೇ ಹೇಳುತ್ತಾರೆ. ವಿಷಯ ಅಷ್ಟು ಸರಳವಿಲ್ಲ. ಖೋಪೋಲಿಯಲ್ಲಿ ಕರೆಂಟ್ ಕೊಟ್ಟ ನೀರು ಪಾತಾಳಗಂಗೆಗೆ ಹೋಗುತ್ತದೆ. ಭಿರಾದ್ದು ಕುಂಡಲಿಕಾ ಹೊಳೆಗೆ, ಭಿವಪುರಿಯದ್ದು ಉಲ್ಹಾಸ್ ನದಿಗೆ. ಬೇಸಿಗೆಯಲ್ಲಿ ಸೊರಗಬೇಕಿದ್ದ ಕೊಂಕಣದ ಹೊಳೆಗಳು ಇದರಿಂದಾಗಿ ವರ್ಷಪೂರ್ತಿ ಹರಿಯತೊಡಗಿದವು. ದಂಡೆಯಲ್ಲಿ ಕಾರ್ಖಾನೆಗಳು ಬಂದವು, ಊರುಗಳು ಬಂದವು. ಕೋಲಾಡ್‌ನಲ್ಲಿ ದೋಣಿಯಾಟಕ್ಕೆ ಹೋಗಿದ್ದೀರಾ? ಅಲ್ಲಿ ಬೆಳಿಗ್ಗೆ ಉಕ್ಕುವ ನೀರು ಭಿರಾ ಕಡೆಯಿಂದ ಬಿಟ್ಟದ್ದು. ಕಲ್ಯಾಣ್, ಡೊಂಬಿವಲಿ, ಬದ್ಲಾಪುರದ ನಲ್ಲಿಗಳಿಗೆ ಉಲ್ಹಾಸ್ ನೀರೇ ಆಧಾರ. ಡೊಂಬಿವಲಿಯಲ್ಲಿ ಗಾರೆ ಕೆಲಸ ಮಾಡುವ ಜೇವರ್ಗಿಯ ಮನುಷ್ಯ ಕುಡಿಯುವ ಲೋಟದಲ್ಲಿ, ಅವನ ಊರ ಹೊಳೆಗೆ ಹೋಗಬೇಕಿದ್ದ ನೀರೂ ಇದೆ. ನೀರು ಈ ಕಡೆ ತಿರುಗಿತು. ಅದರ ಹಿಂದೆ ಅವನೂ ಬಂದ.

ಮುಳಶಿ ಅಣೆಕಟ್ಟು ಕಟ್ಟುವಾಗ ರೈತರು ಸುಮ್ಮನಿರಲಿಲ್ಲ. 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಶುರುವಾಯಿತು, ಮೂರು ವರ್ಷ ನಡೆಯಿತು, ಸೋತಿತು. ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲಿ ನಡೆದ ಮೊದಮೊದಲ ಹೋರಾಟಗಳಲ್ಲಿ ಅದೂ ಒಂದು. ಶರಾವತಿಯಲ್ಲಿ ಮನೆ ಮುಳುಗಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿಗೆ ಲಿಂಗನಮಕ್ಕಿ ಹೇಗೋ, ಮುಂಬಯಿಗೆ ಮುಳಶಿ ಹಾಗೆ.

ಪುಕ್ಕಟೆಯಾಗಿದ್ದದ್ದು

ಈ ಊರಿನ ಸೆಕೆ ವಿಚಿತ್ರ. ವಿದರ್ಭದಲ್ಲಿ 45 ಡಿಗ್ರಿ ಇರುವಾಗ ಇಲ್ಲಿ 34 ಇರಬಹುದು. ಆದರೂ ಇಲ್ಲಿ ಜೀವ ಹೋದ ಹಾಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದಕ್ಕೆ ಮುಂಬಯಿಯಲ್ಲಿ ಬೇಕಾದದ್ದು ಗಾಳಿ ಓಡಾಡುವುದು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಹಳೆಯ ಚಾಳುಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಮೂರು ನಾಲ್ಕು ಮಹಡಿ, ಎದುರುಬದುರು ಕಿಟಕಿ ಬಾಗಿಲು, ಉದ್ದಕ್ಕೂ ತೆರೆದ ಪಡಸಾಲೆ. ಲಿಫ್ಟ್ ಇಲ್ಲ, ಪಂಪ್ ಒಂದೋ ಎರಡೋ. ಅಲ್ಲಿ ಬೇರೆ ಕಷ್ಟಗಳು ಸಾಕಷ್ಟಿದ್ದವು. ಬೆಳಿಗ್ಗೆ ಸಂಡಾಸಿಗೆ ಸಾಲು ನಿಂತವರು ಯಾರೂ ಚಾಳಿನ ಗುಣಗಾನ ಮಾಡುವುದಿಲ್ಲ. ಕರೆಂಟಿನ ಮಟ್ಟಿಗೆ ಮಾತ್ರ ಅದು ಬಹಳ ಕಡಿಮೆಯಲ್ಲಿ ನಡೆಯುತ್ತಿತ್ತು.

ಈಗ ಅದೇ ಜಾಗದಲ್ಲಿ 40 ಮಹಡಿ. ಪುನರ್ವಿಕಾಸ ಎಂದು ಹೆಸರು. ಕೆಳಗಿನ ಏಳೆಂಟು ಮಹಡಿ ಕಾರು ನಿಲ್ಲಿಸಲು, ಅಲ್ಲಿ ಹೊಗೆ ಎಳೆಯಲು ಹಗಲೂ ರಾತ್ರಿ ಫ್ಯಾನು. ನೀರನ್ನು ನಲವತ್ತನೇ ಮಹಡಿಗೆ ಏರಿಸಬೇಕು. ಲಿಫ್ಟುಗಳು ನಿಲ್ಲುವ ಹಾಗಿಲ್ಲ. ಒಳಗಿನ ಓಣಿಗೆ ಬೆಳಕು ಬರುವುದಿಲ್ಲ, ಹಾಗಾಗಿ ಮಧ್ಯಾಹ್ನವೂ ದೀಪ. ಇಷ್ಟೆಲ್ಲ ಆಗಿ ಯಾರೂ ಮನೆಯಲ್ಲಿ ಇನ್ನೂ ಒಂದು ಸ್ವಿಚ್ ಕೂಡ ಹಾಕಿಲ್ಲ. ಸೊಸೈಟಿಯ ಸಾಮಾನ್ಯ ಮೀಟರೇ ಓಡಿದ್ದು. ಎದುರಿಗೆ ಅಷ್ಟೇ ಎತ್ತರದ ಇನ್ನೊಂದು ಗೋಪುರ ಎದ್ದ ಮೇಲೆ ಗಾಳಿ ನಿಂತಿತು. ಎಸಿ ಹಾಕಿದೆವು. ಎಸಿಯ ಹೊರ ಪೆಟ್ಟಿಗೆ ಬಿಸಿಯನ್ನು ಓಣಿಗೆ ಊದುತ್ತದೆ. ಪಕ್ಕದವರೂ ಕಿಟಕಿ ಮುಚ್ಚಿ ಎಸಿ ಹಾಕಬೇಕಾಯಿತು. ರಾತ್ರಿ ಕಾಂಕ್ರೀಟ್ ಗೋಡೆ ಹಗಲಿನ ಕಾವನ್ನು ಬಿಡುತ್ತಾ ಇರುತ್ತದೆ.

ಬಡವರ ಕಟ್ಟಡಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಗೋವಂಡಿಯ ಕಡೆ ಲಲ್ಲುಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಎಂಬ ಪುನರ್ವಸತಿ ವಸಾಹತುಗಳಿವೆ. ಕಟ್ಟಡಗಳ ನಡುವೆ ಮೂರು ಮೀಟರ್ ಜಾಗ. ಕೆಳಗಿನ ಮಹಡಿಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಕ್ಷಯ ಹೆಚ್ಚಿರುವುದಕ್ಕೂ ಬೆಳಕು ಗಾಳಿ ಇಲ್ಲದಿರುವುದಕ್ಕೂ ನಂಟಿದೆ ಎಂದು ಐಐಟಿಯವರೂ ಸೇರಿ ಮಾಡಿದ ಅಧ್ಯಯನ ಹೇಳಿತು. ಎಸಿ ಕೊಳ್ಳಲಾಗದವರು ಹಗಲಿಡೀ ದೀಪ, ಫ್ಯಾನು ಹಾಕಿಕೊಂಡು ಕೂರುತ್ತಾರೆ. ಗಾಳಿ ಕಳೆದುಕೊಂಡದ್ದಕ್ಕೆ ಅವರೂ ದುಡ್ಡು ಕೊಡುತ್ತಿದ್ದಾರೆ, ಮೈಯಿಂದಲೂ ಕೊಡುತ್ತಿದ್ದಾರೆ.

ತಂಪಿಗೆ ಬೆಲೆ ಕಟ್ಟುವುದು ನಮ್ಮವರ ಹೋಟೆಲುಗಳಿಗೆ ಹೊಸದೇನಲ್ಲ. ಕೆಳಗೆ ಸಾದಾ ಹಾಲ್‌ನಲ್ಲಿ ಒಂದು ರೇಟು, ಮೇಲೆ ಎಸಿ ಹಾಲ್‌ನಲ್ಲಿ ಇನ್ನೊಂದು. ಇಡ್ಲಿ ಅದೇ, ಸಾಂಬಾರ್ ಅದೇ. ಜಾಸ್ತಿ ಕೊಟ್ಟದ್ದು ಗಾಳಿಗೆ. ಈಗ ಎಷ್ಟೋ ಕಡೆ ಸಾದಾ ಹಾಲೇ ಇಲ್ಲ.

ಮಳೆನೀರಿನ ವಿಷಯಕ್ಕೆ ಬನ್ನಿ. ಮುಂಬಯಿ ಏಳು ದ್ವೀಪಗಳ ಊರು. ನಡುವಿನ ತಗ್ಗು, ಕೊಲ್ಲಿ, ಕೆಸರುಗದ್ದೆ ತುಂಬಿಸಿಯೇ ಊರಾದದ್ದು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ, ಉಳಿದಿದ್ದ ಕಾಂಡ್ಲಾ ಕಾಡುಗಳು ಮಳೆ ಜೋರಾದಾಗ, ಸಮುದ್ರ ಉಬ್ಬಿದಾಗ ನೀರನ್ನು ಹಿಡಿದಿಟ್ಟುಕೊಂಡು ಇಳಿತದ ಹೊತ್ತಿಗೆ ಬಿಡುತ್ತಿದ್ದವು. ಮೀಠಿ ನದಿಯ ಬಾಯಿಯ ಅಂಥ ತಗ್ಗಿನಲ್ಲೇ ಬಾಂದ್ರಾ ಕುರ್ಲಾ ಸಂಕೀರ್ಣ ಎದ್ದದ್ದು, ಅದೂ ಗಾಜಿನ ಗೋಡೆಗಳ ಕಚೇರಿಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಬಿತ್ತು. ನೀರಿಗೆ ಹೋಗಲು ಜಾಗ ಇರಲಿಲ್ಲ. ಆಮೇಲೆ ಪಾಲಿಕೆ ಏನು ಮಾಡಿತು? ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಹೀಗೆ ಕಡಲಂಚಿನಲ್ಲಿ ದೊಡ್ಡ ದೊಡ್ಡ ಪಂಪಿಂಗ್ ಸ್ಟೇಷನ್ ಕಟ್ಟಿತು. ಹಿಂದಮಾತಾದ ನೀರಿಗೆ ಮೈದಾನಗಳ ಕೆಳಗೆ ಟ್ಯಾಂಕ್ ತೋಡಿತು, ಅಲ್ಲಿಗೂ ಪಂಪು. ಕೆಸರುಗದ್ದೆ ಮಾಡುತ್ತಿದ್ದ ಕೆಲಸ ಮೋಟಾರಿಗೆ ಹೋಯಿತು. ಪಂಪ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಇಷ್ಟು ಜನ ತಗ್ಗಿನಲ್ಲಿ ಇರುವಾಗ ಅದು ಬೇಕೇ ಬೇಕು. ಹಾಗಿರುವಾಗ ಇನ್ನೂ ತಗ್ಗು ತುಂಬಿಸುವುದು ಯಾವ ಬುದ್ಧಿ?

ಕುಡಿಯುವ ನೀರಿನಲ್ಲಿ ಈ ಬದಲಾವಣೆ ಈಗ ಶುರುವಾಗುತ್ತಿದೆ. ವಿಹಾರ್ ಕೆರೆ 1860ರದ್ದು. ಆಮೇಲೆ ತುಳಸಿ, ತಾನ್ಸಾ, ವೈತರಣಾ, ಭಾತ್ಸಾ. ಕೊನೆಯದು ಮಧ್ಯ ವೈತರಣಾ, 2014ರಲ್ಲಿ ಬಂತು. ಈ ವ್ಯವಸ್ಥೆಯ ಜಾಣತನ ಏನೆಂದರೆ ನೂರು ಕಿಲೋಮೀಟರ್ ದೂರದಿಂದಲೂ ಬಹುಪಾಲು ನೀರು ಇಳಿಜಾರಿನಲ್ಲಿ ತಾನಾಗಿ ಬರುತ್ತದೆ. ದಿನಕ್ಕೆ ಸುಮಾರು 390 ಕೋಟಿ ಲೀಟರ್. ಅದು ಸಾಲದು ಎಂದು ಈಗ ಎರಡು ದಾರಿ ಹುಡುಕಿದ್ದಾರೆ. ಒಂದು, ಪಾಲ್ಘರ್ ಜಿಲ್ಲೆಯಲ್ಲಿ ತಾನ್ಸಾ ಅಭಯಾರಣ್ಯದೊಳಗೆ ಗಾರ್ಗಾಯಿ ಅಣೆಕಟ್ಟು. ಲಕ್ಷಗಟ್ಟಲೆ ಮರ ಹೋಗುತ್ತದೆ, ಆದಿವಾಸಿಗಳ ಹಳ್ಳಿಗಳು ಹೋಗುತ್ತವೆ. ಇನ್ನೊಂದು, ಮನೋರಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಸ್ಥಾವರ, ಮೊದಲಿಗೆ ದಿನಕ್ಕೆ 20 ಕೋಟಿ ಲೀಟರ್.

ಉಪ್ಪು ತೆಗೆಯುವುದು ಕರೆಂಟ್ ತಿನ್ನುವ ಕೆಲಸ. ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್. 20 ಕೋಟಿ ಲೀಟರಿಗೆ ದಿನಕ್ಕೆ ಆರರಿಂದ ಎಂಟು ಲಕ್ಷ ಯೂನಿಟ್ ಆಯಿತು. ಎಂಬತ್ತು ಸಾವಿರ ಸಾಧಾರಣ ಮನೆಗಳ ಬಳಕೆಗೆ ಸಮ. ಇಷ್ಟಾಗಿ ಸಿಗುವುದು ಈಗಿನ ಪೂರೈಕೆಯ ಐದು ಪರ್ಸೆಂಟ್. ಇತ್ತ ಪೈಪಿನ ಸೋರಿಕೆ, ಕಳ್ಳತನ ಸೇರಿ ಕಾಲು ಭಾಗಕ್ಕಿಂತ ಜಾಸ್ತಿ ನೀರಿಗೆ ಲೆಕ್ಕವೇ ಇಲ್ಲ. ಅದರಲ್ಲಿ ಅರ್ಧ ಹಿಡಿದರೂ ಎರಡು ಮನೋರಿ ಆಗುತ್ತದೆ. ಸೋರುವ ಪೈಪು ರಿಪೇರಿ ಮಾಡಿಸಿದ್ದಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಬರುವುದಿಲ್ಲ, ಅಲ್ವಾ?

ಹೊಗೆ ಬೇರೆಯವರಿಗೆ

2022ರಲ್ಲಿ ಪಾಲಿಕೆ ಮುಂಬಯಿ ಹವಾಮಾನ ಯೋಜನೆ ಎಂಬ ದಾಖಲೆ ತಂದಿತು. ಊರು ಗಾಳಿಗೆ ಬಿಡುವ ಇಂಗಾಲದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕಟ್ಟಡಗಳ, ಉದ್ದಿಮೆಗಳ ಇಂಧನ ಬಳಕೆಯದ್ದು, ಅದರಲ್ಲೂ ಮುಖ್ಯವಾಗಿ ಕರೆಂಟಿನದ್ದು. ವಾಹನಗಳದ್ದು ಐದನೇ ಒಂದು ಭಾಗ. ಕಾರಣ ಕಲ್ಲಿದ್ದಲು.

ಊರೊಳಗೇ ಒಂದು ಕಲ್ಲಿದ್ದಲು ಸ್ಥಾವರ ಇದೆ, ಟ್ರಾಂಬೆಯಲ್ಲಿ. ಪಕ್ಕದಲ್ಲೇ ಎರಡು ತೈಲ ಶುದ್ಧೀಕರಣ ಘಟಕ, ಒಂದು ಗೊಬ್ಬರದ ಕಾರ್ಖಾನೆ. ತಾನ್ಸಾ ಪೈಪಿನ ಬದಿಯ ಗುಡಿಸಲು ಕಿತ್ತು ಅಲ್ಲಿದ್ದವರನ್ನು ಇವುಗಳ ಮಗ್ಗುಲಿನ ಮಾಹುಲ್‌ಗೆ ತಂದು ಹಾಕಿದರು. ನೀರಿನ ಪೈಪು ಸುರಕ್ಷಿತವಾಯಿತು, ಜನ ಹೊಗೆಗೆ ಬಿದ್ದರು. ಕೊನೆಗೆ ಹೈಕೋರ್ಟ್ ಮಧ್ಯೆ ಬರಬೇಕಾಯಿತು.

ಇನ್ನೊಂದು ಸ್ಥಾವರ ಉತ್ತರಕ್ಕೆ ದಹಾಣುವಿನಲ್ಲಿ. 500 ಮೆಗಾವ್ಯಾಟ್, 1995ರಲ್ಲಿ ಶುರುವಾದದ್ದು. ದಹಾಣು ಎಂದರೆ ಸಪೋಟಾ ತೋಟಗಳ ಸೀಮೆ, ವಾರ್ಲಿ ಆದಿವಾಸಿಗಳ ನೆಲ. 1991ರಲ್ಲಿ ಕೇಂದ್ರ ಸರ್ಕಾರವೇ ಆ ತಾಲ್ಲೂಕನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಎಂದು ಘೋಷಿಸಿತ್ತು. ಸ್ಥಾವರ ಬಂದ ಮೇಲೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ ಎಂದು ತೋಟದವರು ದೂರಿದರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 1996ರಲ್ಲಿ ಒಂದು ಪ್ರಾಧಿಕಾರ ಬಂತು, ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿ ಅದರ ಅಧ್ಯಕ್ಷರಾದರು. ಅವರು ವರ್ಷಗಟ್ಟಲೆ ಬೆನ್ನು ಹತ್ತಿ ಹೊಗೆಯಿಂದ ಗಂಧಕ ತೆಗೆಯುವ ಘಟಕ ಹಾಕಿಸಿದರು. ದೇಶದ ಎಷ್ಟೋ ಸ್ಥಾವರಗಳಲ್ಲಿ ಅದು ಇವತ್ತಿಗೂ ಇಲ್ಲ.

ಇಲ್ಲಿ ನಮಗೇ ಚುಚ್ಚುವ ಒಂದು ಮಾತಿದೆ. ಅದೇ 1990ರ ದಶಕದಲ್ಲಿ ಉಡುಪಿ ಸೀಮೆಯ ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ 1,000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿತ್ತು. ಮಲ್ಲಿಗೆ, ಭತ್ತ, ಮೀನು ಎಲ್ಲ ಹಾಳಾಗುತ್ತದೆ ಎಂದು ಕರಾವಳಿ ಎದ್ದು ನಿಂತಿತು. 1999ರ ಕೊನೆಗೆ ಕಂಪನಿ ಗಂಟುಮೂಟೆ ಕಟ್ಟಿತು. ಆಮೇಲೆ ಹತ್ತಿರದ ಯೆಲ್ಲೂರಿನಲ್ಲಿ ಬೇರೆ ಕಂಪನಿಯದ್ದು ಬಂದೇ ಬಂತು, ಅದು ಬೇರೆ ಕತೆ. ಊರಿನ ಮಲ್ಲಿಗೆಗಾಗಿ ಮುಂಬಯಿಯಲ್ಲಿ ಕೂತು ನಾವು ಮರುಗಿದ್ದು ಸರಿಯೇ. ಆಗ ಅಂಧೇರಿ, ಬೋರಿವಲಿಯ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ದೀಪಕ್ಕೆ ಕರೆಂಟ್ ದಹಾಣುವಿನಿಂದ ಬರುತ್ತಿತ್ತು. ದಹಾಣುವಿನ ಸಪೋಟಾಗಾಗಿ ನಮ್ಮಲ್ಲಿ ಎಷ್ಟು ಜನ ಮರುಗಿದರು?

ಈಗ ದಹಾಣು ಪಕ್ಕದ ವಾಧವಣದಲ್ಲಿ ದೇಶದ ಅತಿ ದೊಡ್ಡ ಬಂದರುಗಳಲ್ಲೊಂದು ಬರುತ್ತಿದೆ. 2024ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಖರ್ಚು 76,000 ಕೋಟಿ ರೂಪಾಯಿಗೂ ಮೇಲೆ. ಸಮುದ್ರದಲ್ಲಿ 1,448 ಹೆಕ್ಟೇರ್ ತುಂಬಿಸುತ್ತಾರೆ. ಸುತ್ತ ‘ನಾಲ್ಕನೇ ಮುಂಬಯಿ’ ಕಟ್ಟುವ ಮಾತೂ ಇದೆ. ಕರೆಂಟ್ ಕೊಟ್ಟ ಊರು ತಾನೇ ಮುಂಬಯಿ ಆಗುವ ಸರದಿ.

ಬೇಡಿಕೆ ಏರಿಸುವ ಹೊಸ ಗಿರಾಕಿ ಎಂದರೆ ಡೇಟಾ ಸೆಂಟರ್. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ಮುಂಬಯಿಯಲ್ಲಿ ದಡಕ್ಕೆ ಬರುವುದರಿಂದ ಐರೋಲಿ, ಮಹಾಪೆ, ಚಾಂದಿವಲಿಯಲ್ಲಿ ಅವು ಸಾಲಾಗಿ ಎದ್ದಿವೆ. ಮನೆಗಳ ಬೇಡಿಕೆ ಚಳಿಗಾಲದಲ್ಲಿ ಇಳಿಯುತ್ತದೆ. ಇವುಗಳದ್ದು ಇಳಿಯುವುದಿಲ್ಲ. ಟ್ರಾಂಬೆಯ ಕಲ್ಲಿದ್ದಲು ಘಟಕ ಮುಚ್ಚುವ ಮಾತಿತ್ತು, ಅದು ಮುಂದಕ್ಕೆ ಹೋಗಿದೆ.

ಹೊರಗಿನಿಂದ ಕರೆಂಟ್ ತರಲು ತಂತಿ ಬೇಕು, ಮುಂಬಯಿಗೆ ದಾರಿ ಕಿರಿದು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಠಾಣೆ ಕಡೆಯ ಲೈನುಗಳು ಕೈಕೊಟ್ಟಾಗ ಲೋಕಲ್ ರೈಲು ಸೇರಿ ಇಡೀ ಊರು ನಿಂತಿತು. ಆಮೇಲೆ ಖಾರ್‌ಘರ್‌ನಿಂದ ವಿಕ್ರೋಲಿಗೆ ಹೊಸ ಲೈನು ಬಂತು. ಕುಡುಸ್‌ನಿಂದ ಆರೆಗೆ 80 ಕಿಲೋಮೀಟರ್ ಉದ್ದದ, 1,000 ಮೆಗಾವ್ಯಾಟಿನ ಇನ್ನೊಂದು ಲೈನಿನ ಕೆಲಸವನ್ನೂ ಕೈಗೆತ್ತಿಕೊಂಡರು. ಯಾವ ಕಡೆಯಿಂದ ಬಂದರೂ ಕೊಲ್ಲಿಯನ್ನೋ ಕಾಡನ್ನೋ ದಾಟಲೇಬೇಕು. 2005ರಿಂದ ಕಾಂಡ್ಲಾ ಕಡಿಯಲು ಹೈಕೋರ್ಟ್ ಅನುಮತಿ ಬೇಕು. ಸಾರ್ವಜನಿಕ ಯೋಜನೆ ಎಂದರೆ ಅನುಮತಿ ಸಾಮಾನ್ಯವಾಗಿ ಸಿಗುತ್ತದೆ.

ಗುಲಾಬಿ ಹಕ್ಕಿಗಳು ಮತ್ತು ಲೋಕಲ್ ರೈಲು

ಇಷ್ಟು ಓದಿ ಊರು ಬೆಳೆದರೆ ಪ್ರಕೃತಿ ಸತ್ತೇ ಹೋಗುತ್ತದೆ ಎಂದುಕೊಳ್ಳಬೇಡಿ. ಠಾಣೆ ಕೊಲ್ಲಿಗೆ ಪ್ರತಿ ಚಳಿಗಾಲ ರಾಜಹಂಸಗಳು ಬರುತ್ತವೆ, ಲಕ್ಷದ ಆಸುಪಾಸು. 1990ರ ದಶಕದಲ್ಲಿ ಶಿವಡಿಯ ಕೆಸರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡವು. ಅವು ತಿನ್ನುವುದು ಪಾಚಿ. ಪಾಚಿ ಬೆಳೆದದ್ದು ನಮ್ಮ ಚರಂಡಿ ನೀರಿನಿಂದ. 2022ರಲ್ಲಿ ಈ ಕೊಲ್ಲಿಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಹಾಗೆಂದು ಊರು ಅವುಗಳನ್ನು ಸಾಕುತ್ತಿದೆ ಎನ್ನುವ ಹಾಗೂ ಇಲ್ಲ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ವಿಮಾನಕ್ಕೆ ಬಡಿದು 39 ಹಕ್ಕಿಗಳು ಸತ್ತವು. ನೆರುಳ್ ಕಡೆ ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿ ಹೋದಾಗಲೂ ಸತ್ತವು. ಈಗ ಪಾಲಿಕೆ ಏಳು ಹೊಸ ಕೊಳಚೆ ಶುದ್ಧೀಕರಣ ಸ್ಥಾವರ ಕಟ್ಟುತ್ತಿದೆ. ಅದು ಆಗಬೇಕಾದ ಕೆಲಸವೇ. ಅದಕ್ಕೂ ಕರೆಂಟ್ ಬೇಕು. ಚರಂಡಿ ನೀರು ಶುದ್ಧವಾದರೆ ಪಾಚಿಯ ಗತಿ ಏನು, ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂದು ಹಕ್ಕಿ ತಜ್ಞರು ತಲೆ ಕೆಡಿಸಿಕೊಂಡಿದ್ದಾರೆ.

ಜನ ಒತ್ತೊತ್ತಾಗಿ ಬದುಕುವುದನ್ನೂ ನಾನು ಬೈಯುವುದಿಲ್ಲ. ಮುಂಬಯಿಯ ದೊಡ್ಡ ಉಳಿತಾಯ ಇರುವುದೇ ಅಲ್ಲಿ. ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಲೋಕಲ್ ಹತ್ತುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ನಿಂತು ಹೋಗುವ ಒಬ್ಬೊಬ್ಬರ ಪಾಲಿಗೆ ಬರುವ ಕರೆಂಟ್ ತೀರಾ ಕಡಿಮೆ. ಅವರೆಲ್ಲ ಸ್ಕೂಟರ್, ಕಾರು ಹತ್ತಿದರೆ ಊರಿನ ಇಂಧನದ ಲೆಕ್ಕವೇ ತಲೆಕೆಳಗಾಗುತ್ತದೆ. ಕೆಟ್ಟದ್ದು ಊರು ತೆಳ್ಳಗೆ ದೂರ ದೂರ ಹರಡುವುದು. ಮಾಟುಂಗ, ಪರಳದಲ್ಲಿದ್ದ ಕನ್ನಡ ಸಂಸಾರಗಳು ಡೊಂಬಿವಲಿಗೆ ಹೋದವು. ಅವರ ಮಕ್ಕಳು ಬದ್ಲಾಪುರ, ವಿರಾರ್, ಪನವೇಲ್‌ಗೆ ಹೋದರು. ಊರೊಳಗೆ ಗಗನಚುಂಬಿಗಳಲ್ಲಿ ಎಷ್ಟೋ ಫ್ಲ್ಯಾಟ್ ಖಾಲಿ, ಕೆಲಸದವರು ಮಾತ್ರ 60 ಕಿಲೋಮೀಟರ್ ಆಚೆಯಿಂದ ಬರಬೇಕು.

ಹಾಗಾಗಿ ಮೆಟ್ರೋ ಬೇಕು ಎನ್ನುವವರ ಕಡೆಗೇ ನಾನು. 2019ರ ಅಕ್ಟೋಬರ್‌ನಲ್ಲಿ ಆರೆ ಕಾಡಿನಲ್ಲಿ ಮೆಟ್ರೋ ಶೆಡ್ಡಿಗಾಗಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದ ರೀತಿ ಮಾತ್ರ ನಾಚಿಕೆಗೇಡು. ಕೋರ್ಟ್ ಬಾಗಿಲು ತೆರೆಯುವ ಮೊದಲು ಮುಗಿಸಿಬಿಡುವ ಅವಸರ ಅದು. ಆದರೂ ಆ ರೈಲು ಈಗ ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್ ಓಡುತ್ತಿದೆ, ಜನ ಹತ್ತುತ್ತಿದ್ದಾರೆ. ಕರಾವಳಿ ರಸ್ತೆಗೆ ನನ್ನ ಬಳಿ ಇಂಥ ಸಮಾಧಾನ ಇಲ್ಲ. ನೂರಕ್ಕೂ ಹೆಚ್ಚು ಹೆಕ್ಟೇರ್ ಸಮುದ್ರ ತುಂಬಿಸಿ ಮಾಡಿದ ಹತ್ತೂವರೆ ಕಿಲೋಮೀಟರ್ ರಸ್ತೆ, ಬಹುಪಾಲು ಕಾರಿಗೆ. ಅದೇ ಹೊತ್ತಿಗೆ ಬೆಸ್ಟ್ ಬಸ್ಸುಗಳು 4,000ಕ್ಕೂ ಮೇಲಿದ್ದದ್ದು 3,000ಕ್ಕಿಂತ ಕೆಳಗೆ ಬಂದವು.

ಸೋಲಾರ್ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. 120 ಮನೆಗಳ ಒಂದು ಗೋಪುರದ ತಾರಸಿಯಲ್ಲಿ ಹೆಚ್ಚೆಂದರೆ 50 ಕಿಲೋವ್ಯಾಟ್ ಕೂರಿಸಬಹುದು. ದಿನಕ್ಕೆ 200 ಯೂನಿಟ್, ಮನೆಗೆ ಎರಡು ಯೂನಿಟ್ಟೂ ಬರುವುದಿಲ್ಲ. ಲಿಫ್ಟಿಗೆ, ಓಣಿಯ ದೀಪಕ್ಕೆ ಸಾಕು. ಅದೂ ಲಾಭವೇ, ಹಾಕಿಸಬೇಕು. ಎಸಿಗೆ ಬೇಕಾದ ಸೋಲಾರ್ ಮಾತ್ರ ರಾಜಸ್ಥಾನದಿಂದಲೋ ಮರಾಠವಾಡದಿಂದಲೋ ಬರಬೇಕು, ಹಗಲು ಬರುತ್ತದೆ. ಎಸಿ ಓಡುವುದು ರಾತ್ರಿ. ಹಗಲಿನದ್ದನ್ನು ರಾತ್ರಿಗೆ ಎತ್ತಿಡುವ ಜಾಗ ಹುಡುಕುತ್ತಾ ಎಲ್ಲರ ಕಣ್ಣು ಮತ್ತೆ ಘಟ್ಟದ ಮೇಲೆ ಬಿದ್ದಿದೆ.

2023ರ ಆಗಸ್ಟಿನಲ್ಲಿ ಟಾಟಾ ಪವರ್ ಮತ್ತು ಮಹಾರಾಷ್ಟ್ರ ಸರ್ಕಾರ ಒಂದು ಒಪ್ಪಂದ ಮಾಡಿಕೊಂಡವು. ಶಿರವಟಾದಲ್ಲಿ 1,800 ಮೆಗಾವ್ಯಾಟ್, ಭಿವಪುರಿಯಲ್ಲಿ 1,000 ಮೆಗಾವ್ಯಾಟ್. ಹಗಲಿನ ಸೋಲಾರ್ ಕರೆಂಟಿನಿಂದ ಕೆಳಗಿನ ನೀರನ್ನು ಮೇಲೆ ಏರಿಸುವುದು, ಸಂಜೆ ಅದನ್ನೇ ಇಳಿಸಿ ಕರೆಂಟ್ ತೆಗೆಯುವುದು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿಗೆ ಇದೇ ಹೊರಟು ಸಾಗರ, ಹೊನ್ನಾವರದ ಜನ ಬೀದಿಗೆ ಇಳಿದದ್ದು ಗೊತ್ತೇ ಇದೆ. ಘಟ್ಟದ ಹೊಟ್ಟೆಯಲ್ಲಿ ಸುರಂಗ, ಕಾಡಿನಲ್ಲಿ ರಸ್ತೆ, ತಂತಿ, ಎಲ್ಲ ಅಲ್ಲೂ ಇರುತ್ತದೆ.

ಆದರೆ ಲೋನಾವಳದ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಇಲ್ಲಿ ಒಂದೇ ನೀರು ಮೇಲೆ ಕೆಳಗೆ ಓಡಾಡುವುದಾದರೆ, ಸಂಜೆಯ ಕರೆಂಟಿಗಾಗಿ ಹೊಸ ನೀರನ್ನು ಪಶ್ಚಿಮಕ್ಕೆ ಕೆಡವಬೇಕಾದ ಒತ್ತಾಯ ಕಡಿಮೆಯಾಗುತ್ತದೆ. ಲೆಕ್ಕದ ಮಟ್ಟಿಗೆ, ಒಂದಷ್ಟು ಟಿಎಂಸಿಯನ್ನು ಭೀಮೆಗೆ ಬಿಡಲು ಮೊದಲ ಸಲ ದಾರಿ ತೆರೆಯುತ್ತದೆ. ಆ ನೀರು ಬೇಕೆಂದು ಸೊಲ್ಲಾಪುರದವರು ಎಷ್ಟೋ ಕಾಲದಿಂದ ಕೇಳುತ್ತಿದ್ದಾರೆ. ಬೇಸಿಗೆಯಲ್ಲಿ ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನಿಂದ ನೀರು ಬಿಡಿ ಎಂದು ಇಂಡಿ, ಅಫಜಲಪುರದವರೂ ಕೂಗುತ್ತಾರೆ. ಹೊಸ ಯೋಜನೆಯ ಮಾತುಕತೆಯಲ್ಲಿ ಕರ್ನಾಟಕ ಈ ಪ್ರಶ್ನೆಯನ್ನು ಈಗಲೇ ಎತ್ತಬೇಕು. ಸುರಂಗ ತೋಡಿ, ಯಂತ್ರ ಕೂರಿಸಿದ ಮೇಲೆ ಎತ್ತಿದರೆ ಕೇಳುವವರಿರುವುದಿಲ್ಲ. ಎತ್ತಿದಾಗ ಮೊದಲ ಆಕ್ಷೇಪ ಕರೆಂಟ್ ಕಂಪನಿಯಿಂದ ಬರಲಿಕ್ಕಿಲ್ಲ. ಭಿವಪುರಿಯ ಕೊಳವೆಯಲ್ಲಿ ನೀರು ಕಡಿಮೆಯಾದರೆ ಮೊದಲು ನಲ್ಲಿ ಒಣಗುವುದು ಬದ್ಲಾಪುರ, ಕಲ್ಯಾಣ್, ಡೊಂಬಿವಲಿಯಲ್ಲಿ. ಅಲ್ಲಿ ಕೊಡ ಹಿಡಿದು ನಿಲ್ಲುವವರಲ್ಲಿ ನಮ್ಮವರೂ ಸಾಕಷ್ಟು ಮಂದಿ ಇರುತ್ತಾರೆ.